ಥ್ರಿಲ್ಲರ್ ಪುಸ್ತಕದ ಕಳ್ಳ, ನಮ್ಮೂರ ಗುಡಿಯ ಕಳ್ಳ

ಕಲಾಕೃತಿ ಕಳ್ಳತನದ ಥ್ರಿಲ್ಲರ್ ಕಾದಂಬರಿಗಳಿಗೆ ಒಂದು ಸಿದ್ಧ ಅಚ್ಚು ಇದೆ. ಮೊದಲ ಐದು ಪುಟದೊಳಗೆ ಒಂದು ಹೆಣ ಬೀಳಬೇಕು. ಸತ್ತವನು ಯಾವುದೋ ಗುಟ್ಟು ತಿಳಿದವನಾಗಿರಬೇಕು. ಪ್ರತಿ ಅಧ್ಯಾಯವೂ ಎರಡು-ಮೂರು ಪುಟದಲ್ಲಿ ಮುಗಿದು, ಮುಗಿಯುವ ಹೊತ್ತಿಗೆ ಹೊಸದೊಂದು ಪ್ರಶ್ನೆ ಎದ್ದಿರಬೇಕು. 2003ರಲ್ಲಿ ಬಂದ ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಶುರುವಾಗುವುದೇ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನೊಳಗೆ ಅಲ್ಲಿನ ಕ್ಯೂರೇಟರ್ ಕೊಲೆಯಾಗುವುದರಿಂದ. ರಾತ್ರಿ ಊಟ ಆದಮೇಲೆ ಹಿಡಿದರೆ ಬೆಳಗಾಗುವವರೆಗೆ ಬಿಡಲಾರದ ಪುಸ್ತಕಗಳು ಇವು. ಆಫೀಸ್ ಕೆಲಸದಿಂದ ತಲೆ ಕೆಟ್ಟಾಗ ನನಗೂ ಇಂಥ ಪುಸ್ತಕಗಳೇ ಮದ್ದು.

ಕನ್ನಡದಲ್ಲಿ ಈ ದಾರಿ ಹಾಕಿಕೊಟ್ಟವರಲ್ಲಿ ಡಾ. ಕೆ.ಎನ್. ಗಣೇಶಯ್ಯ ಮುಖ್ಯರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ವೃತ್ತಿಯಿಂದ ವಿಜ್ಞಾನಿ. ಅವರ ‘ಕನಕ ಮುಸುಕು’ ಕಾದಂಬರಿ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯ ಸುತ್ತ ಸುತ್ತುತ್ತದೆ. ಮೈಸೂರು ಕಡೆಯವರಿಗೆ ಹೆಸರು ಕೇಳಿದ ಕೂಡಲೇ ಮುಸುಕಿನ ಜೋಳ ನೆನಪಾಗುತ್ತದೆ. ನಾವು ಜಮಖಂಡಿ ತಾಲ್ಲೂಕಿನ ತುಬಚಿಯವರು. ನಮ್ಮಲ್ಲಿ ಅದಕ್ಕೆ ಗೊಂಜಾಳ ಅಂತಾರೆ. ಹಾಗಾಗಿ ಶೀರ್ಷಿಕೆಯ ಸೊಗಸು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ!

ಈ ತೆನೆಯ ಜಗಳ ಕಾದಂಬರಿಕಾರರ ಕಲ್ಪನೆಯಲ್ಲ. ಮೆಕ್ಕೆಜೋಳದ ಮೂಲ ಮೆಕ್ಸಿಕೋ. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ ಅದು ನಮ್ಮ ಕಡೆ ಬಂತು ಎಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಅಲ್ಲಿನ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಎಂಬ ಅಮೆರಿಕನ್ ಸಂಶೋಧಕರು ಬರೆದರು. ಅಲ್ಲ, ಅದು ಮುತ್ತುಗಳಿಂದಾದ ಕಾಲ್ಪನಿಕ ಹಣ್ಣು, ಮುಕ್ತಾಫಲ ಎಂದು 1993ರಲ್ಲಿ ಪಾಯಕ್ ಮತ್ತು ಸಚಾನ್ ಉತ್ತರ ಕೊಟ್ಟರು. ಒಂದು ಕಲ್ಲಿನ ಕೈಯಲ್ಲಿರುವ ಒಂದು ತೆನೆ ಖಂಡಗಳ ಇತಿಹಾಸವನ್ನೇ ಪ್ರಶ್ನೆ ಮಾಡಬಲ್ಲದು ಅಂದಮೇಲೆ, ಅಂಥ ಕಲ್ಲು ಜಾಗ ಬಿಟ್ಟು ಹೋದರೆ ಆಗುವ ನಷ್ಟ ಎಷ್ಟು ಅಂತ ಯೋಚಿಸಿ.

ಈಗ ನಿಜ ಕಥೆಗೆ ಬರೋಣ. ಪುಸ್ತಕದಲ್ಲಿ ಕಳ್ಳ ಲೇಸರ್ ಕಿರಣಗಳ ನಡುವೆ ನುಸುಳಿ ಹೋಗುತ್ತಾನೆ. ನಿಜದಲ್ಲಿ ಅವನಿಗೆ ಬೇಕಾಗಿರುವುದು ಪಾಳುಬಿದ್ದ ಗುಡಿ, ತುಕ್ಕು ಹಿಡಿದ ಕೀಲಿ ಮತ್ತು ಒಂದು ಗಾಡಿ ಅಷ್ಟೇ. ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ಚೋಳರ ಕಾಲದ ಗುಡಿಯಿಂದ ನಟರಾಜ ಕಳುವಾದದ್ದು ಹೀಗೇ. ಪೂಜೆ ನಿಂತ ಗುಡಿ ಅದು. ದೇವರು ಒಳಗಿಲ್ಲ ಅನ್ನುವುದು ಊರವರಿಗೆ ಗೊತ್ತಾಗುವ ಹೊತ್ತಿಗೆ ತುಂಬಾ ದಿನ ಕಳೆದಿತ್ತು. ಆ ವಿಗ್ರಹವನ್ನು 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 50 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡಿತ್ತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ, 2012ರಲ್ಲಿ ಅವನನ್ನು ಭಾರತಕ್ಕೆ ಕರೆತಂದರು, 2022ರ ನವೆಂಬರ್‌ನಲ್ಲಿ ಕುಂಭಕೋಣಂ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ನಟರಾಜ 2014ರ ಸೆಪ್ಟೆಂಬರ್‌ನಲ್ಲಿ ಮನೆಗೆ ಮರಳಿದ.

ಈ ಪ್ರಕರಣದಲ್ಲಿ ನನಗೆ ಅತಿ ರೋಚಕ ಅನ್ನಿಸಿದ್ದು ಪೊಲೀಸರ ಬೆನ್ನಟ್ಟುವಿಕೆ ಅಲ್ಲ, ಒಂದು ಹಳೇ ಫೋಟೋ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ದಶಕಗಳಿಂದ ದಕ್ಷಿಣದ ಗುಡಿಗಳ ಚಿತ್ರ ತೆಗೆದು ಜೋಪಾನವಾಗಿ ಇಟ್ಟಿದ್ದರು. ಗ್ಯಾಲರಿಯಲ್ಲಿದ್ದ ಮೂರ್ತಿಯನ್ನೂ ಆ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಅನ್ನುವುದು ಸ್ಪಷ್ಟವಾಯಿತು. ಇಂಥ ಹೋಲಿಕೆ ಹುಡುಕುವ ಕೆಲಸದಲ್ಲಿ ಹೆಸರು ಮಾಡಿದ ಎಸ್. ವಿಜಯ್ ಕುಮಾರ್ ಸಿಂಗಪುರದಲ್ಲಿ ಹಡಗು ಸಾಗಣೆ ಕಂಪನಿಯ ಉದ್ಯೋಗದಲ್ಲಿದ್ದವರು. ಅವರು ಬರೆದ ‘ದಿ ಐಡಲ್ ಥೀಫ್’ 2018ರಲ್ಲಿ ಬಂತು. ಅದರ ವೇಗ ಯಾವ ಥ್ರಿಲ್ಲರ್‌ಗೂ ಕಡಿಮೆ ಇಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಮಾತಿದೆ: ಲಾಗ್‌ನಲ್ಲಿ ಇಲ್ಲದ್ದು ನಡೆದೇ ಇಲ್ಲ. ಕಳುವಾದ ಮೂರ್ತಿಯ ವಿಷಯದಲ್ಲೂ ಹಾಗೇ. ಇದು ನಮ್ಮದು ಎನ್ನಲು ದಾಖಲೆ ಇಲ್ಲದಿದ್ದರೆ, ಕಣ್ಣೆದುರು ಇದ್ದರೂ ವಾಪಸ್ ಕೇಳುವುದು ಬಹಳ ಕಷ್ಟ.

ನಮ್ಮ ಬಾಗಲಕೋಟೆ ಜಿಲ್ಲೆಯನ್ನೇ ನೋಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನಮ್ಮ ಹೆಮ್ಮೆ. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ಬೇಲಿ ಇದೆ, ಕಾವಲುಗಾರರಿದ್ದಾರೆ. ಆದರೆ ಕೇಂದ್ರ ಪುರಾತತ್ವ ಇಲಾಖೆ ಇಡೀ ದೇಶದಲ್ಲಿ ಕಾಯುವ ಸ್ಮಾರಕಗಳು 3,700ರ ಆಸುಪಾಸು. ಹನುಮಪ್ಪನ ಗುಡಿ ಮುಂದೆ ಒರಗಿಸಿಟ್ಟ ಕಲ್ಲು, ಹೊಲದ ಬದುವಿನಲ್ಲಿ ಅರ್ಧ ಹೂತ ನಾಗರಕಲ್ಲು, ಅಗಸಿ ಬಾಗಿಲ ಪಕ್ಕದ ಶಾಸನ, ಇವನ್ನೆಲ್ಲ ಯಾರು ಕಾಯಬೇಕು?

ನಮ್ಮ ನಾಡಿನಲ್ಲಿ ಮೂರ್ತಿಕಳ್ಳನಿಗಿಂತ ನಿಧಿಗಳ್ಳನ ಕಾಟ ಹೆಚ್ಚು. ಲಿಂಗದ ಕೆಳಗೆ ಬಂಗಾರ ಇದೆ ಅಂತ ಯಾರೋ ಹೇಳಿದರೆ ಸಾಕು, ಅಮಾವಾಸ್ಯೆ ರಾತ್ರಿ ಹಾರೆ, ಗುದ್ದಲಿ ಹಿಡಿದು ಹೊರಡುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿ ಹತ್ತಿರದ ನವಬೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ಕೆಡವಿದ್ದರು. ಕೆಲವೇ ದಿನಗಳಲ್ಲಿ ಆರೋಪಿಗಳು ಸಿಕ್ಕರು, ಭಕ್ತರು ಬೃಂದಾವನವನ್ನು ಮತ್ತೆ ಕಟ್ಟಿದರು. ಪುಣ್ಯಕ್ಷೇತ್ರವಾದ್ದರಿಂದ ನಾಡೆಲ್ಲ ಎದ್ದು ನಿಂತಿತು. ಹೆಸರಿಲ್ಲದ ಗುಡಿ ಒಡೆದರೆ ಯಾರು ಏಳುತ್ತಾರೆ? ನಿಧಿ ಆಸೆ ಎಷ್ಟೋ ಸಲ ಜೀವಕ್ಕೂ ಕೈ ಹಾಕುತ್ತದೆ. ಕರ್ನಾಟಕದ 2017ರ ಮಾಟ-ಮಂತ್ರ, ಅಮಾನವೀಯ ಆಚರಣೆ ತಡೆ ಕಾಯ್ದೆಯಲ್ಲಿ ನಿಧಿ ಹುಡುಕಾಟದ ಹೆಸರಿನ ಕ್ರೌರ್ಯವನ್ನೂ ಸೇರಿಸಬೇಕಾಗಿ ಬಂದದ್ದು ಅದಕ್ಕೇ.

ನಮ್ಮಲ್ಲಿ ಕಳ್ಳತನ ಮತ್ತು ಸಾವಿನ ಕಥೆಯನ್ನು ಎಲ್ಲರಿಗಿಂತ ಮೊದಲು ಬರೆದವರು ಕಲ್ಲುಕುಟಿಗರು. ವೀರಗಲ್ಲು ನೋಡಿದ್ದೀರಲ್ಲ? ಬಹಳಷ್ಟು ವೀರಗಲ್ಲುಗಳು ತುರುಗೊಳ್‌ನಲ್ಲಿ, ಅಂದರೆ ಊರ ದನಗಳನ್ನು ಕದ್ದೊಯ್ಯುವವರ ಜೊತೆ ಹೋರಾಡಿ ಸತ್ತವರವು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಪೂಜೆ, ತುದಿಯಲ್ಲಿ ಸೂರ್ಯ-ಚಂದ್ರ. ಓದು ಬರದವರಿಗೂ ಕಥೆ ತಿಳಿಯುವ ಹಾಗೆ ಕೆತ್ತಿದ್ದಾರೆ. ಊರಿನ ಸೊತ್ತು ಉಳಿಸಲು ಜೀವ ಕೊಟ್ಟವನ ಕಲ್ಲನ್ನು ನಾವು ಬಟ್ಟೆ ಒಗೆಯಲು ಹಾಕಿಕೊಂಡರೆ, ಕಳ್ಳನನ್ನು ಮಾತ್ರ ಬೈದು ಏನು ಬಂತು?

ಕಾನೂನು ಇದೆ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ವೈಜ್ಞಾನಿಕ, ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಯಾದರೆ 75 ವರ್ಷ ಸಾಕು. ಪರವಾನಗಿ ಇಲ್ಲದೆ ಹೊರದೇಶಕ್ಕೆ ಸಾಗಿಸಿದರೆ 6 ತಿಂಗಳಿಂದ 3 ವರ್ಷ ಜೈಲು. ಕೋಟಿಗಟ್ಟಲೆ ಬೆಲೆಯ ವಸ್ತುವಿಗೆ ಇದು ದೊಡ್ಡ ಹೆದರಿಕೆಯೇನಲ್ಲ. ಅದಕ್ಕೇ ಕಳುವಾಗುವ ಮುಂಚಿನ ಕೆಲಸವೇ ಮುಖ್ಯ.

ಆ ಕೆಲಸ ಸುಲಭದ್ದು. ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಪದ್ಧತಿ ಇದೆ. ಅದು ಕೇಳುವುದು ಇಷ್ಟು: ಫೋಟೋ, ವಸ್ತು ಯಾವುದು, ಯಾವ ಕಲ್ಲು ಅಥವಾ ಲೋಹ, ಅಳತೆ, ಮೇಲೆ ಬರಹ ಇದೆಯೇ, ಗುರುತಿಸಬಹುದಾದ ಊನ ಏನು. ಮುರಿದ ಮೂಗು, ಸೀಳಿದ ಅಂಚು, ಇವೇ ಮುಂದೆ ಸಾಕ್ಷಿ ಆಗುತ್ತವೆ. ಮುಂದೆ, ಹಿಂದೆ, ಎರಡೂ ಪಕ್ಕ ಚಿತ್ರ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕುಂಕುಮ, ಎಣ್ಣೆ ಉಜ್ಜಿ ತೆಗೆಯಬೇಡಿ, ಬಣ್ಣ ಬಳಿಯಬೇಡಿ. ಊರ ಹಿರಿಯರ ಒಪ್ಪಿಗೆ ಕೇಳಿ. ಎಲ್ಲಿದೆ ಎಂಬ ವಿವರವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ ಕಳ್ಳನಿಗೇ ದಾರಿ ತೋರಿಸಬೇಡಿ. ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಶಾಲೆಯಲ್ಲಿ, ಒಂದು ಪುರಾತತ್ವ ಇಲಾಖೆಗೆ ಇದ್ದರೆ ಸಾಕು. ನೆಲ ಅಗೆಯುವಾಗ ಏನಾದರೂ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ.

‘ಕನಕ ಮುಸುಕು’ ಓದಿಲ್ಲದವರು ಈ ರಜೆಯಲ್ಲಿ ಓದಿ. ಓದಿ ಮುಗಿಸಿದ ಮೇಲೆ ಮಕ್ಕಳನ್ನು ಕರೆದುಕೊಂಡು, ಮೊಬೈಲು ಮತ್ತು ಒಂದು ಟೇಪು ಹಿಡಿದು ನಿಮ್ಮೂರಿನ ಗುಡಿ, ಬಾವಿ, ಅಗಸಿ ಒಂದು ಸುತ್ತು ಹಾಕಿ ಬನ್ನಿ. ಈ ದೀಪಾವಳಿಗೆ ಊರಿಗೆ ಹೋದಾಗ ನಾನೂ ತುಬಚಿಯಲ್ಲಿ ಈ ಕೆಲಸ ಶುರು ಮಾಡುವವನಿದ್ದೇನೆ. ನಿಮ್ಮೂರಲ್ಲಿ ಈಗಾಗಲೇ ಯಾರಾದರೂ ಮಾಡಿದ್ದರೆ, ಹೇಗೆ ಮಾಡಿದಿರಿ ಅಂತ ಬರೆದು ತಿಳಿಸಿ.