ನಿಮಗಿದು ಗೊತ್ತೆ? ನಟರ ಬದಲು ಹುಟ್ಟು ಹಾಕಿದವರು

1972ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ಡೆಲಿವರೆನ್ಸ್’ನ ಮೈ ಜುಮ್ಮೆನಿಸುವ ನದಿ ದೃಶ್ಯಗಳಲ್ಲಿ ಹೆಚ್ಚಿನವು ಚಿತ್ರೀಕರಣಗೊಂಡಿದ್ದು ಅಮೆರಿಕದ ಚಟೂಗ ನದಿಯಲ್ಲಿ. ಜಾರ್ಜಿಯಾ, ದಕ್ಷಿಣ ಕೆರೊಲಿನಾ ರಾಜ್ಯಗಳ ಗಡಿಯಲ್ಲಿ ಬಂಡೆಗಳ ನಡುವೆ ಧುಮ್ಮಿಕ್ಕುವ ನದಿಯದು. ಚಿತ್ರತಂಡಕ್ಕೆ ಸಲಹೆಗಾರರಾಗಿ, ಅಪಾಯದ ಕಡೆ ನಟರ ಬದಲಿಗೆ ದೋಣಿ ನಡೆಸಿದವರಲ್ಲಿ ಕ್ಲಾಡ್ ಟೆರಿ, ಪೇಸನ್ ಕೆನಡಿ ಪ್ರಮುಖರು. ಟೆರಿ ವೃತ್ತಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ!

ಚಿತ್ರ ಬಂದ ವರ್ಷವೇ ಕೆನಡಿ ದಂಪತಿ ಗೆಳೆಯರೊಬ್ಬರ ಜತೆಗೂಡಿ ಉತ್ತರ ಕೆರೊಲಿನಾದಲ್ಲಿ ‘ನಾಂಟಹಾಲಾ ಔಟ್‌ಡೋರ್ ಸೆಂಟರ್’ ಆರಂಭಿಸಿದರು. ಇಂದದು ದೊಡ್ಡ ತರಬೇತಿ ಕೇಂದ್ರ. ಒಲಿಂಪಿಕ್ಸ್‌ಗೆ ಹೋದ ದೋಣಿಗರೂ ಅಲ್ಲಿ ಪಳಗಿದ್ದಾರೆ.

ಟೆರಿಯ ಕಥೆ ಇನ್ನೂ ಸೊಗಸು. ಆಗ ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್ ಅವರನ್ನು ದೋಣಿಯ ಮುಂದೆ ಕೂರಿಸಿಕೊಂಡು, ಚಟೂಗದ ‘ಬುಲ್ ಸ್ಲೂಸ್’ ಎಂಬ ಕಡಿದಾದ ಜಾರನ್ನು ಇಳಿಸಿದ್ದು ಇವರೇ. 1974ರಲ್ಲಿ ಆ ನದಿಗೆ ಅಣೆಕಟ್ಟೆ ಕಟ್ಟದಂತೆ ಕಾನೂನಿನ ರಕ್ಷಣೆ ಸಿಕ್ಕಿತು. ಕಾರ್ಟರ್ ಮುಂದೆ ದೇಶದ ಅಧ್ಯಕ್ಷರಾದರು.

1994ರ ‘ದಿ ರಿವರ್ ವೈಲ್ಡ್’ ಚಿತ್ರದಲ್ಲಿ ನಟಿ ಮೆರಿಲ್ ಸ್ಟ್ರೀಪ್‌ಗೆ ರ‍್ಯಾಫ್ಟ್ ನಡೆಸಲು ಕಲಿಸಿ, ಕೆಲವೆಡೆ ಅವರ ಬದಲು ನಿಂತವರು ಅರ್ಲೀನ್ ಬರ್ನ್ಸ್. ಹಿಮಾಲಯದ ನದಿಗಳನ್ನೂ ಬಲ್ಲ ಗೈಡ್ ಅವರು.

ಇಂಥ ಚಿತ್ರೀಕರಣದಲ್ಲಿ ಗೈಡ್‌ಗಳು ಕ್ಯಾಮೆರಾಗೆ ಕಾಣದಂತೆ ಜಾರಿನ ಕೆಳಗೆ ಕಾಯುತ್ತಾರೆ. ಕೈಯಲ್ಲಿ ನೀರಿನ ಮೇಲೆ ತೇಲುವ ಹಗ್ಗ ತುಂಬಿದ ‘ಥ್ರೋ ಬ್ಯಾಗ್’. ಯಾರಾದರೂ ನೀರಿಗೆ ಬಿದ್ದರೆ ಹಗ್ಗದ ಒಂದು ತುದಿ ಹಿಡಿದು ಚೀಲ ಎಸೆಯುತ್ತಾರೆ. ಬಿದ್ದವರು ಹಗ್ಗ ಹಿಡಿದರೆ ಪ್ರವಾಹವೇ ಅವರನ್ನು ದಡದತ್ತ ತಿರುಗಿಸುತ್ತದೆ.