ಕಿರು ಆಟದ ವೇಗದ ಬೌಲರನ್ನು ದೀರ್ಘ ಪಂದ್ಯಕ್ಕೆ ಸಿದ್ಧಗೊಳಿಸುವುದು: ಒಂದು ವಿವೇಚನೆ

1. ಪೀಠಿಕೆ

ನಾಲ್ಕು ಓವರು ಎಸೆದು ತನ್ನ ಕೆಲಸವನ್ನು ಮುಗಿಸುವ ತರುಣ ಬೌಲರನನ್ನು, ದಿನಕ್ಕೆ ಇಪ್ಪತ್ತು ಓವರು ಎಸೆಯಬೇಕಾದ ಪಂದ್ಯಕ್ಕೆ ಕರೆತರುವುದು ಹೇಗೆ ಎಂಬುದು ಇಂದಿನ ಕ್ರಿಕೆಟ್ ಶಿಕ್ಷಣದಲ್ಲಿ ಮೇಲಿಂದ ಮೇಲೆ ಏಳುತ್ತಿರುವ ಪ್ರಶ್ನೆಯಾಗಿದೆ. ಅವನಲ್ಲಿ ವೇಗವುಂಟು, ಧೈರ್ಯವುಂಟು, ವಿಕೆಟ್ಟು ಪಡೆಯುವ ಶಕ್ತಿಯೂ ಉಂಟು. ಹೀಗಿರಲು ಹೆಚ್ಚು ಹೊತ್ತು ಎಸೆಯುವುದರಲ್ಲಿ ಕಷ್ಟವೇನು ಎಂದು ನೋಡುವವರಿಗೆ ತೋರುವುದು ಸಹಜ. ಆದರೆ ಇದು ಕೇವಲ ಹೊತ್ತಿನ ಪ್ರಶ್ನೆಯಲ್ಲ. ಮೂಳೆ, ಸ್ನಾಯು, ಕೌಶಲ ಈ ಮೂರಕ್ಕೂ ಸಂಬಂಧಿಸಿದ ಪ್ರಶ್ನೆ. ಅವಸರದಿಂದ ಮಾಡಿದ ಬದಲಾವಣೆ ತರುಣನೊಬ್ಬನನ್ನು ಒಂದು ವರ್ಷ ಮೈದಾನದಿಂದ ದೂರವಿಡಬಲ್ಲದು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸುವುದು ನಮ್ಮ ಉದ್ದೇಶ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇದೇ ಸಮಸ್ಯೆ ಬಹುಕಾಲದಿಂದ ಚರ್ಚೆಯಲ್ಲಿದೆ. ಅಲ್ಲಿ ಪಂದ್ಯವನ್ನು ಆರಂಭಿಸುವ ಪಿಚ್ಚರ್ ಸುಮಾರು ನೂರು ಎಸೆತಗಳನ್ನು ಎಸೆದು ನಾಲ್ಕು ದಿನ ವಿಶ್ರಮಿಸಿ ಐದನೆಯ ದಿನ ಮತ್ತೆ ಬರುತ್ತಾನೆ. ಕೊನೆಯ ಹಂತದಲ್ಲಿ ನೆರವಿಗೆ ಬರುವ ಪಿಚ್ಚರ್ ಒಂದೆರಡು ಇನ್ನಿಂಗ್ಸ್ ಮಾತ್ರ ತನ್ನ ಪೂರ್ಣಬಲದಿಂದ ಎಸೆಯುತ್ತಾನೆ. ಷಿಕಾಗೊ ವೈಟ್ ಸಾಕ್ಸ್ ತಂಡದ ಕ್ರಿಸ್ ಸೇಲ್ 2011ರಲ್ಲಿ ನೆರವಿನ ಪಿಚ್ಚರಾಗಿ 71 ಇನ್ನಿಂಗ್ಸ್ ಎಸೆದು, 2012ರಲ್ಲಿ ಆರಂಭದ ಪಿಚ್ಚರಾಗಿ 192 ಇನ್ನಿಂಗ್ಸ್ ಎಸೆದು 17 ಪಂದ್ಯಗಳನ್ನು ಗೆದ್ದನು. ಇಂತಹ ಯಶಸ್ಸಿನ ಪಕ್ಕದಲ್ಲಿಯೇ ಮೊಣಕೈ ಸ್ನಾಯುಬಂಧ ಹರಿದು ನಿಂತ ತರುಣರ ಉದಾಹರಣೆಗಳೂ ಆ ದೇಶದಲ್ಲಿ ಅನೇಕ. ಹೊರೆ ಒಮ್ಮೆಗೇ ಎರಡು ಮೂರು ಪಟ್ಟಾಗುವುದೇ ಅಲ್ಲಿಯೂ ಚಿಂತೆಯ ಮೂಲ.

2. ಎರಡು ಆಟಗಳ ಲೆಕ್ಕ

ಇಪ್ಪತ್ತು ಓವರುಗಳ ಪಂದ್ಯದಲ್ಲಿ ಒಬ್ಬ ಬೌಲರನಿಗೆ ದೊರೆಯುವುದು 4 ಓವರು, ಎಂದರೆ 24 ಎಸೆತ. ಐವತ್ತು ಓವರುಗಳ ಪಂದ್ಯದಲ್ಲಿ 10 ಓವರು, 60 ಎಸೆತ. ರಣಜಿ ಅಥವಾ ಟೆಸ್ಟ್ ಪಂದ್ಯದಲ್ಲಿ ಇಂತಹ ಮಿತಿಯೇ ಇಲ್ಲ. ಎರಡು ಇನ್ನಿಂಗ್ಸ್ ಕೂಡಿ 35ರಿಂದ 40 ಓವರು ಎಸೆಯುವುದು ಮುಖ್ಯ ಬೌಲರನಿಗೆ ಅಪರೂಪವಲ್ಲ. ಅದು 210ರಿಂದ 240 ಎಸೆತವಾಗುತ್ತದೆ.

ವಾರಕ್ಕೆ ಎರಡು ಕಿರು ಪಂದ್ಯಗಳಲ್ಲಿ 48 ಎಸೆತ, ಅಭ್ಯಾಸದಲ್ಲಿ 60 ಎಸೆತ, ಒಟ್ಟು 108 ಎಸೆತ ಎಸೆಯುವ ಬೌಲರನನ್ನು ಉದಾಹರಣೆಗಾಗಿ ಊಹಿಸೋಣ. ಅವನು ಮುಂದಿನ ವಾರ ದೀರ್ಘ ಪಂದ್ಯವೊಂದರಲ್ಲಿ 240 ಎಸೆತ ಎಸೆದರೆ, ಅವನ ದೇಹ ರೂಢಿಸಿಕೊಂಡ ಹೊರೆಯ ಎರಡುಪಟ್ಟಿಗಿಂತ ಹೆಚ್ಚನ್ನು ಒಂದೇ ವಾರದಲ್ಲಿ ಹೊತ್ತಂತಾಗುವುದು. ಎಸೆತಗಾರನ ಬಲದಲ್ಲಾಗಲಿ, ಮನಸ್ಸಿನಲ್ಲಾಗಲಿ ದೋಷವಿಲ್ಲದಿದ್ದರೂ ಲೆಕ್ಕದಲ್ಲಿಯೇ ದೋಷ ಅಡಗಿರುತ್ತದೆ.

3. ಬೆನ್ನುಮೂಳೆಯ ಮೇಲಣ ಹೊರೆ

ವೇಗದ ಬೌಲರನ ಮುಂದಿನ ಪಾದ ನೆಲವನ್ನು ಅಪ್ಪಳಿಸುವ ಕ್ಷಣದಲ್ಲಿ ಅವನ ದೇಹಭಾರದ ಐದು ಪಟ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಮೀರಿದ ಬಲ ನೆಲದಿಂದ ಮೇಲಕ್ಕೆ ಮರಳುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತಿರುತ್ತದೆ. ಈ ಮೂರು ಚಲನೆಗಳೂ ಒಂದುಗೂಡಿ ಸೊಂಟದ ಕೆಳಭಾಗದ ಕಶೇರುಗಳ ಹಿಂಬದಿಯ ತೆಳುವಾದ ಮೂಳೆಯ ಮೇಲೆ ಒತ್ತಡವನ್ನು ತರುತ್ತವೆ. ಬಲಗೈ ಬೌಲರುಗಳಲ್ಲಿ ಬಿರುಕು ಬಹುಮಟ್ಟಿಗೆ ಎಡಬದಿಯಲ್ಲಿ ಕಾಣುವುದು ಈ ಕಾರಣದಿಂದಲೇ. ಸೊಂಟವನ್ನು ಒಂದು ದಿಕ್ಕಿಗೂ ಭುಜಗಳನ್ನು ಮತ್ತೊಂದು ದಿಕ್ಕಿಗೂ ತಿರುಗಿಸಿ ಎಸೆಯುವ ಮಿಶ್ರ ಶೈಲಿಯವರಿಗೆ ಅಪಾಯ ಹೆಚ್ಚೆಂದು 1980ರ ದಶಕದಿಂದೀಚೆಗೆ ಆಸ್ಟ್ರೇಲಿಯದಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ.

ಮೂಳೆಯು ಹೊರೆಗೆ ತಕ್ಕಂತೆ ಬಲಗೊಳ್ಳುವ ಸಜೀವ ವಸ್ತು. ಆದರೆ ಅದರ ಬಲವರ್ಧನೆ ಸ್ನಾಯುವಿನದಕ್ಕಿಂತ ಬಹಳ ನಿಧಾನ. ಕೆಲವು ವಾರಗಳ ವ್ಯಾಯಾಮದಿಂದ ಉಸಿರೂ ಸ್ನಾಯುವೂ ಸಿದ್ಧವಾದಾವು. ಮೂಳೆ ಸಿದ್ಧವಾಗಲು ತಿಂಗಳುಗಳೇ ಬೇಕು. ಇಪ್ಪತ್ತರ ಆಸುಪಾಸಿನ ತರುಣರಲ್ಲಿ ಸೊಂಟದ ಮೂಳೆಗಳು ಇನ್ನೂ ಪೂರ್ಣ ಬಲಿತಿರುವುದಿಲ್ಲ. ಆಯಾಸವಿಲ್ಲವೆಂದು ಬೌಲರ್ ಹೇಳಿದ ಮಾತು ನಿಜವಿದ್ದರೂ ಅವನ ಮೂಳೆಯ ಸ್ಥಿತಿಗೆ ಅದು ಪ್ರಮಾಣವಾಗಲಾರದು.

4. ಎಷ್ಟು ಎಸೆಯಬೇಕು?

ಇಲ್ಲಿ ಸಾಮಾನ್ಯವಾದ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕಾಗಿದೆ. ಕಡಮೆ ಎಸೆದಷ್ಟೂ ಕ್ಷೇಮವೆಂದು ಹಲವರು ನಂಬಿರುವರು. ಆದರೆ 2003ರಲ್ಲಿ ಡೆನ್ನಿಸ್ ಮತ್ತು ಸಂಗಡಿಗರು ಆಸ್ಟ್ರೇಲಿಯದ ವೇಗದ ಬೌಲರುಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 123ರಿಂದ 188 ಎಸೆತ ಎಸೆದವರಿಗಿಂತ, ಅದಕ್ಕೆ ಕಡಮೆ ಎಸೆದವರಲ್ಲಿಯೂ ಹೆಚ್ಚು ಎಸೆದವರಲ್ಲಿಯೂ ಗಾಯದ ಸಂಭವ ಹೆಚ್ಚಾಗಿದ್ದಿತು. ಎರಡು ಬಾರಿ ಎಸೆಯುವುದರ ನಡುವಣ ಅಂತರ ಸರಾಸರಿ ಎರಡು ದಿನಕ್ಕಿಂತ ಕಡಮೆಯಿದ್ದವರಿಗೂ ಐದು ದಿನ ಅಥವಾ ಅದಕ್ಕೆ ಮೇಲ್ಪಟ್ಟವರಿಗೂ ಮೂರರಿಂದ ನಾಲ್ಕು ದಿನಗಳ ಅಂತರದವರಿಗಿಂತ ಅಪಾಯ ಅಧಿಕ. ಅತಿವಿಶ್ರಾಂತಿಯೂ ಅತಿಶ್ರಮದಂತೆಯೇ ಹಾನಿಕರವೆಂದು ಇದರಿಂದ ವ್ಯಕ್ತವಾಗುತ್ತದೆ. ನಮ್ಮ ಉದಾಹರಣೆಯ ಬೌಲರನ 108 ಎಸೆತಗಳು ಈ ಮಧ್ಯಮ ವಲಯಕ್ಕಿಂತ ಕೆಳಗಿವೆ ಎಂಬುದು ಗಮನಾರ್ಹ.

2009ರಲ್ಲಿ ಆರ್ಚರ್ಡ್ ಮತ್ತು ಸಂಗಡಿಗರು, ಒಂದೇ ಪಂದ್ಯದಲ್ಲಿ 50 ಓವರುಗಳಿಗೆ ಮೀರಿ ಎಸೆದವರಿಗೆ ಅನಂತರದ 21 ದಿನಗಳಲ್ಲಿ ಗಾಯದ ಸಂಭವ ಹೆಚ್ಚುವುದೆಂದು ತೋರಿಸಿದರು. ಹೊರೆಯ ಫಲ ಅಂದೇ ಕಾಣದೆ ಮೂರು ವಾರ ತಡೆದು ಕಾಣುವುದೆಂಬ ಈ ಸಂಗತಿ ಶಿಕ್ಷಕರು ಮರೆಯಬಾರದ್ದು. 2014ರಲ್ಲಿ ಹ್ಯೂಲಿನ್ ಮತ್ತು ಸಂಗಡಿಗರು ಒಂದು ವಾರದ ಹೊರೆಯನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯೊಡನೆ ತೂಗಿ ನೋಡುವ ಕ್ರಮವನ್ನು ವೇಗದ ಬೌಲರುಗಳಿಗೆ ಅನ್ವಯಿಸಿದರು. ಈ ಅನುಪಾತದ ಗಣಿತಕ್ರಮವನ್ನು ಅನಂತರ ಹಲವು ವಿದ್ವಾಂಸರು ಆಕ್ಷೇಪಿಸಿರುವುದುಂಟು. ಅದನ್ನು ಭವಿಷ್ಯವಾಣಿಯೆಂದು ಭಾವಿಸಬಾರದು. ಆದರೆ ಥಟ್ಟನೆ ಏರಿದ ಹೊರೆಯನ್ನು ಗುರುತಿಸಲು ಅದು ಸುಲಭವಾದ ಅಳತೆಗೋಲು.

ಈಗ 108 ಎಸೆತಗಳ ಬೌಲರನನ್ನು ಪ್ರತಿವಾರ ಶೇಕಡ 15ರಂತೆ ಏರಿಸೋಣ. ಅವನ ವಾರದ ಎಸೆತಗಳು ಅನುಕ್ರಮವಾಗಿ 124, 143, 164, 189, 217, 250 ಎಂದಾಗುವುವು. ಆರನೆಯ ವಾರದ 250 ಎಸೆತ ಅದೂ ಸೇರಿದ ನಾಲ್ಕು ವಾರಗಳ ಸರಾಸರಿಯಾದ 205ರ ಸುಮಾರು ಒಂದೂಕಾಲು ಪಟ್ಟು ಮಾತ್ರ. ಪೂರ್ವಸಿದ್ಧತೆಯಿಲ್ಲದೆ 108ರಿಂದ 240ಕ್ಕೆ ಹಾರಿದಲ್ಲಿ ಅದೇ ಲೆಕ್ಕದ ಅನುಪಾತ 1.7. ನಡುವೆ ಒಂದೆರಡು ಹಗುರ ವಾರಗಳನ್ನು ಸೇರಿಸಿದರೆ ಈ ಏರಿಕೆಗೆ ಎಂಟು ವಾರ ಹಿಡಿಯುತ್ತದೆ. ಇದು ಲೆಕ್ಕದ ರೀತಿಯನ್ನು ತಿಳಿಸುವ ಮಾದರಿಯೇ ಹೊರತು ಎಲ್ಲರಿಗೂ ಒಪ್ಪುವ ವಿಧಿಯಲ್ಲ. 250 ಎಸೆತಗಳ ವಾರ ಮೇಲಿನ ಮಧ್ಯಮ ವಲಯವನ್ನು ಮೀರುವುದರಿಂದ ಅದರ ಬೆನ್ನಿಗೇ ಅಂತಹ ವಾರಗಳನ್ನು ಪೋಣಿಸಬಾರದೆಂಬುದೂ ಸ್ಪಷ್ಟ.

5. ಕೌಶಲದ ಬದಲಾವಣೆ

ದೇಹ ಸಿದ್ಧವಾದರೂ ಕೌಶಲ ಸಿದ್ಧವಾಗದಿದ್ದರೆ ಪ್ರಯೋಜನವಿಲ್ಲ. ಕಿರು ಆಟದಲ್ಲಿ ದಾಂಡಿಗನು ಪ್ರತಿ ಎಸೆತಕ್ಕೂ ಹೊಡೆಯಲು ಮುಂದಾಗುವನು; ಆದುದರಿಂದ ಬೌಲರ್ ಯಾರ್ಕರ್, ನಿಧಾನದ ಎಸೆತ, ಗಿಡ್ಡ ಎಸೆತ ಎಂದು ಕ್ಷಣಕ್ಷಣಕ್ಕೂ ಬದಲಾಯಿಸುತ್ತಿರಬೇಕು. ದೀರ್ಘ ಆಟದಲ್ಲಿ ದಾಂಡಿಗನಿಗೆ ಹೊಡೆಯಬೇಕಾದ ಒತ್ತಾಯವೇ ಇಲ್ಲ. ಒಂದೇ ಅಳತೆಯಲ್ಲಿ, ಒಂದೇ ರೇಖೆಯಲ್ಲಿ ಚೆಂಡನ್ನು ಮತ್ತೆ ಮತ್ತೆ ಇಟ್ಟು, ಸೀಮಿನ ಸಣ್ಣ ಚಲನೆಯಿಂದ ಅವನನ್ನು ತಪ್ಪಿಗೆ ಎಳೆಯಬೇಕು. ಕಿರು ಆಟದಲ್ಲಿ ಗುಣವಾಗಿದ್ದ ವೈವಿಧ್ಯವು ಇಲ್ಲಿ ಬಿಡಿ ಓಟಗಳ ದಾನವಾಗಿ ಪರಿಣಮಿಸಬಹುದು.

ಬೇಸ್‌ಬಾಲಿನಲ್ಲಿ ನೆರವಿನ ಪಿಚ್ಚರನಿಗೆ ಎರಡು ಬಗೆಯ ಎಸೆತ ಸಾಕು. ಆರಂಭದ ಪಿಚ್ಚರ್ ಅದೇ ದಾಂಡಿಗರನ್ನು ಎರಡು ಮೂರು ಬಾರಿ ಎದುರಿಸುವುದರಿಂದ ಅವನಿಗೆ ಮೂರನೆಯದೊಂದು ಬೇಕೆನ್ನುತ್ತಾರೆ. ಕ್ರಿಕೆಟ್ಟಿನಲ್ಲಿ ಇದಕ್ಕೆ ಸಮನಾದುದು ಹಳೆಯ ಚೆಂಡಿನ ವಿದ್ಯೆ. ಚೆಂಡು ಮೆತ್ತಗಾದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಮೂರನೆಯ ಸ್ಪೆಲ್ಲಿಗೆ ಮರಳಿದಾಗ ವೇಗವನ್ನು ಉಳಿಸಿಕೊಳ್ಳುವುದೇ ನಿಜವಾದ ಪರೀಕ್ಷೆ. ಆದುದರಿಂದ ಅಭ್ಯಾಸವನ್ನೂ ಹಾಗೆಯೇ ಹೊಂದಿಸಬೇಕು: ಐದು ಓವರು ಎಸೆದು, ಒಂದು ಗಂಟೆ ಕ್ಷೇತ್ರರಕ್ಷಣೆ ಮಾಡಿ, ಮತ್ತೆ ಐದು ಓವರು ಎಸೆಯುವುದು. ಅರವತ್ತು ಎಸೆತಗಳನ್ನು ಒಂದೇ ಸಮನೆ ಎಸೆದು ಮನೆಗೆ ಹೋಗುವ ಅಭ್ಯಾಸದಿಂದ ಈ ಶಕ್ತಿ ಬರದು.

6. ಕರ್ನಾಟಕದ ನಿದರ್ಶನಗಳು

ಬೆಂಗಳೂರಿನ ವೆಂಕಟೇಶ ಪ್ರಸಾದ್ 1994ರ ಏಪ್ರಿಲಿನಲ್ಲಿ ಭಾರತದ ಒಂದು ದಿನದ ತಂಡಕ್ಕೂ 1996ರ ಜೂನಿನಲ್ಲಿ ಟೆಸ್ಟ್ ತಂಡಕ್ಕೂ ಪ್ರವೇಶಿಸಿದರು. ನಡುವೆ ಎರಡು ವರ್ಷಗಳ ಅಂತರವಿದ್ದಿತು. ಅವರು ಎಸೆಯುತ್ತಿದ್ದುದು ಹತ್ತು ಓವರುಗಳ ಆಟದಲ್ಲಿ. ಜೊತೆಗೆ ರಣಜಿ ಪಂದ್ಯಗಳ ಪಳಗಿಕೆಯೂ ಅವರಿಗಿದ್ದಿತು. ಅಂದಿನ ಮೆಟ್ಟಿಲು ಹತ್ತರಿಂದ ಇಪ್ಪತ್ತಕ್ಕೆ. ಇಂದಿನದು ನಾಲ್ಕರಿಂದ ಇಪ್ಪತ್ತಕ್ಕೆ. ಪ್ರಸಾದರು 33 ಟೆಸ್ಟುಗಳಲ್ಲಿ 96 ವಿಕೆಟ್ಟು ಗಳಿಸಿದರು.

ಇನ್ನು ನಮ್ಮ ಕಾಲದ ಪ್ರಸಿದ್ಧ್ ಕೃಷ್ಣ ಅವರನ್ನು ನೋಡಬಹುದು. 1996ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು 2015ರಲ್ಲಿ ಮೈಸೂರಿನಲ್ಲಿ ಬಾಂಗ್ಲಾದೇಶ ‘ಎ’ ತಂಡದ ಎದುರು ಪ್ರಥಮ ದರ್ಜೆಯ ಆಟ ಆರಂಭಿಸಿ ಒಂದೇ ಇನ್ನಿಂಗ್ಸಿನಲ್ಲಿ ಐದು ವಿಕೆಟ್ಟು ಪಡೆದರು. ಆದರೆ ದೇಶಕ್ಕೆ ಪರಿಚಿತರಾದುದು 2018ರ ಐಪಿಎಲ್‌ನಿಂದ. 2021ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಿರುದ್ಧ ತಮ್ಮ ಮೊದಲ ಒಂದು ದಿನದ ಅಂತರರಾಷ್ಟ್ರೀಯ ಪಂದ್ಯದಲ್ಲಿ 54 ಓಟಗಳಿಗೆ 4 ವಿಕೆಟ್ಟು ಪಡೆದರು. 2022ರಲ್ಲಿ ಬೆನ್ನುಮೂಳೆಯ ಒತ್ತಡದ ಬಿರುಕಿನಿಂದ ಸುಮಾರು ಒಂದು ವರ್ಷ ಆಟದಿಂದ ಹೊರಗುಳಿದು 2023ರ ಆಗಸ್ಟಿನಲ್ಲಿ ಮರಳಿದರು. ಆ ಡಿಸೆಂಬರಿನಲ್ಲಿ ಸೆಂಚೂರಿಯನ್‌ನಲ್ಲಿ ನಡೆದ ತಮ್ಮ ಪ್ರಥಮ ಟೆಸ್ಟಿನಲ್ಲಿ 20 ಓವರು ಎಸೆದು 93 ಓಟಗಳಿಗೆ ಒಂದು ವಿಕೆಟ್ಟು ಪಡೆದರು. 2024ರ ಆರಂಭದಲ್ಲಿ ತೊಡೆಯ ಸ್ನಾಯುವಿನ ಗಾಯಕ್ಕೆ ಶಸ್ತ್ರಚಿಕಿತ್ಸೆ ನಡೆಯಿತು.

2025ರ ಐಪಿಎಲ್‌ನಲ್ಲಿ ಅವರು 15 ಪಂದ್ಯಗಳಿಂದ 25 ವಿಕೆಟ್ಟು ಪಡೆದು ಅಗ್ರಸ್ಥಾನದಲ್ಲಿದ್ದರು. ಆ ಪಂದ್ಯಾವಳಿ ಜೂನ್ 3ರಂದು ಮುಗಿಯಿತು. ಲೀಡ್ಸಿನ ಟೆಸ್ಟ್ ಜೂನ್ 20ರಂದು ಆರಂಭವಾಯಿತು. ಅಲ್ಲಿ ಮೊದಲ ಇನ್ನಿಂಗ್ಸಿನ 20 ಓವರುಗಳಲ್ಲಿ 128 ಓಟ ಕೊಟ್ಟು 3 ವಿಕೆಟ್ಟು ಪಡೆದರು. ಅಳತೆ ಇನ್ನೂ ಕೈಗೆ ಹತ್ತಿರಲಿಲ್ಲ. ಎರಡನೆಯ ಟೆಸ್ಟಿನ ತರುವಾಯ ಅವರನ್ನು ಎರಡು ಪಂದ್ಯಗಳಿಂದ ಕೈಬಿಡಲಾಯಿತು. ಓವಲ್ಲಿನ ಕೊನೆಯ ಟೆಸ್ಟಿಗೆ ಮರಳಿ, ಎರಡು ಇನ್ನಿಂಗ್ಸುಗಳಲ್ಲಿ 16 ಮತ್ತು 27 ಓವರು, ಎಂದರೆ 258 ಎಸೆತ ಎಸೆದು ಎಂಟು ವಿಕೆಟ್ಟು ಪಡೆದರು. ಆಗಸ್ಟ್ 4ರಂದು ಭಾರತವು ಆರು ಓಟಗಳಿಂದ ಗೆದ್ದಿತು. ಪ್ರತಿಭೆ ಲೀಡ್ಸಿನಲ್ಲಿಯೂ ಅದೇ, ಓವಲ್ಲಿನಲ್ಲಿಯೂ ಅದೇ. ನಡುವೆ ಕಳೆದುದು ದೀರ್ಘ ಆಟದ ವಾತಾವರಣದಲ್ಲಿ ಕೆಲವು ವಾರಗಳು. ಒಬ್ಬರ ನಿದರ್ಶನದಿಂದ ಸಿದ್ಧಾಂತ ಮಾಡಲಾಗದು. ಒಂದು ಪಂದ್ಯದಿಂದ ತೀರ್ಪು ಕೊಡಬಾರದೆಂಬುದನ್ನಂತೂ ಅದು ತಿಳಿಸುತ್ತದೆ. ಅದೇ ಸರಣಿಯಲ್ಲಿ ಜಸ್‌ಪ್ರೀತ್ ಬುಮ್ರಾ ಅವರನ್ನು ಮೊದಲೇ ನಿಶ್ಚಯಿಸಿದಂತೆ ಐದರಲ್ಲಿ ಮೂರು ಟೆಸ್ಟುಗಳಲ್ಲಿ ಮಾತ್ರ ಆಡಿಸಲಾಯಿತು. ಬೇಸ್‌ಬಾಲಿನ ಐದು ದಿನದ ಸರದಿಯಂತಹ ನಿಯತಕ್ರಮ ಕ್ರಿಕೆಟ್ಟಿನಲ್ಲಿಲ್ಲದ ಕಾರಣ ಅದನ್ನು ಹೀಗೆ ಕೈಯಾರೆ ಕಲ್ಪಿಸಿಕೊಳ್ಳಬೇಕಾಗಿದೆ.

7. ವರ್ಷದ ಪಂಚಾಂಗವೂ ಬಡಾವಣೆಯ ಮೈದಾನವೂ

2024–25ರಿಂದ ರಣಜಿ ಪಂದ್ಯಾವಳಿಯನ್ನು ಎರಡು ಭಾಗಗಳಾಗಿ ಒಡೆದು, ನಡುವೆ ಸೈಯದ್ ಮುಷ್ತಾಕ್ ಅಲಿ ಮತ್ತು ವಿಜಯ್ ಹಜಾರೆ ಪಂದ್ಯಾವಳಿಗಳನ್ನು ಇರಿಸಲಾಯಿತು. ಉತ್ತರ ಭಾರತದ ಮಂಜಿನ ದೃಷ್ಟಿಯಿಂದ ಇದು ಯುಕ್ತವಿರಬಹುದು. ಆದರೆ ಬೌಲರ್ ನವೆಂಬರಿನಲ್ಲಿ ದೀರ್ಘ ಆಟದಿಂದ ನಾಲ್ಕು ಓವರಿಗಿಳಿದು, ಹತ್ತಕ್ಕೇರಿ, ಜನವರಿಯಲ್ಲಿ ಮತ್ತೆ ಮಿತಿಯಿಲ್ಲದ ಆಟಕ್ಕೆ ಮರಳಬೇಕು. ಮೊದಲ ಏರಿಕೆಗೆ ಬೇಸಗೆಯಿಂದಲೇ ಅವಕಾಶವುಂಟು. ಎರಡನೆಯದಕ್ಕೆ ಕೆಲವು ದಿನಗಳು ಮಾತ್ರ. ಕಿರು ಪಂದ್ಯಗಳ ನಡುವಣ ಅಭ್ಯಾಸದಲ್ಲಿ ಎಸೆತಗಳ ಮೊತ್ತವನ್ನು ಉಳಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಅರೆಕೆರೆ, ಹುಳಿಮಾವು, ಬಿಟಿಎಂ ಬಡಾವಣೆಗಳ ಹುಡುಗರಿಗೆ ಈ ಸಮಸ್ಯೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಬನ್ನೇರುಘಟ್ಟ ರಸ್ತೆಯ ಇಕ್ಕೆಲಗಳಲ್ಲಿ ಬಯಲುಗಳು ಮನೆಗಳಾಗಿ, ಉಳಿದ ನಿವೇಶನಗಳಲ್ಲಿ ಟೆನಿಸ್ ಚೆಂಡಿನ ಆರೆಂಟು ಓವರುಗಳ ಆಟವೇ ಬಹುಮಂದಿಗೆ ದೊರೆಯುವ ಆಟ. ಕಾಂಕ್ರೀಟಿನ ಗಟ್ಟಿ ನೆಲ, ಹಗುರ ಚೆಂಡು, ಪೂರ್ಣಬಲದ ಎಸೆತ ಇವುಗಳಲ್ಲಿ ಬೆಳೆದ ಹುಡುಗನು ತೊಗಲಿನ ಚೆಂಡಿನ ಎರಡು ದಿನಗಳ ಪಂದ್ಯಕ್ಕೆ ಹೋದಾಗ ಅವನೂ ನಾಲ್ಕು ಓವರಿನ ಬೌಲರನೇ. ಅದೇ ಹುಡುಗ ಶಾಲೆಗೂ, ಕ್ಲಬ್ಬಿಗೂ, ತರಬೇತಿ ಕೇಂದ್ರಕ್ಕೂ, ಭಾನುವಾರ ಗೆಳೆಯರ ತಂಡಕ್ಕೂ ಎಸೆಯುತ್ತಿರಬಹುದು. ಒಬ್ಬೊಬ್ಬ ಶಿಕ್ಷಕರ ಕಣ್ಣಿಗೆ ಅವನ ಹೊರೆ ಮಿತವಾಗಿಯೇ ಕಾಣುತ್ತದೆ. ಒಟ್ಟು ಮೊತ್ತವನ್ನು ಕೂಡುವವರು ಮಾತ್ರ ಯಾರೂ ಇರುವುದಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 19 ವರ್ಷದೊಳಗಿನ ವೇಗದ ಬೌಲರುಗಳಿಗೆ ಒಂದು ಸ್ಪೆಲ್ಲಿಗೆ 7 ಓವರು, ದಿನಕ್ಕೆ 18 ಓವರು ಎಂಬ ಮಿತಿಯನ್ನು ವಿಧಿಸಿದ್ದಿತು. ಆದರೆ ಲೆಕ್ಕವೇ ಇಲ್ಲದಲ್ಲಿ ಯಾವ ಮಿತಿಯೂ ನಿಲ್ಲದು.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ನಾವು ಈ ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಎಸೆತಗಳ ಲೆಕ್ಕವನ್ನು ಪಂದ್ಯ, ಅಭ್ಯಾಸ, ಟೆನಿಸ್ ಚೆಂಡಿನ ಆಟ ಎಂಬ ಭೇದವಿಲ್ಲದೆ ಬೌಲರನೇ ದಿನದಿನವೂ ಬರೆದಿಡಬೇಕು. ಅದಕ್ಕೆ ಒಂದು ನೋಟುಪುಸ್ತಕ ಸಾಕು. ಎರಡನೆಯದಾಗಿ, ದೀರ್ಘ ಪಂದ್ಯಕ್ಕೆ ಕನಿಷ್ಠ ಆರರಿಂದ ಎಂಟು ವಾರಗಳ ಏರಿಕೆ ಇರಬೇಕು. ಮೂರನೆಯದಾಗಿ, ಐವತ್ತು ಓವರುಗಳ ಆಟವನ್ನು ನಡುವಣ ಮೆಟ್ಟಿಲಾಗಿ ಬಳಸಬೇಕು. ನಾಲ್ಕನೆಯದಾಗಿ, ಭಾರಿ ಪಂದ್ಯದ ಅನಂತರದ ಮೂರು ವಾರಗಳಲ್ಲಿ ಬೌಲರನನ್ನು ವಿಶೇಷವಾಗಿ ಗಮನಿಸಿ, ಸೊಂಟದ ಒಂದು ಬದಿಯಲ್ಲಿ ನೋವು ಕಂಡರೆ ಎಸೆಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕಡೆಯದಾಗಿ, ಹೊಸ ಕೆಲಸದಲ್ಲಿ ಅವನಿಗೆ ಹಲವು ಪಂದ್ಯಗಳ ಅವಕಾಶ ಕೊಡಬೇಕು.

ಎಲ್ಲ ಕಿರು ಆಟದ ಬೌಲರುಗಳೂ ದೀರ್ಘ ಆಟಕ್ಕೆ ಬರಲೇಬೇಕೆಂದಿಲ್ಲ. ನಾಲ್ಕು ಓವರಿನ ಕಸುಬೂ ಇಂದು ಗೌರವದ ಜೀವನವನ್ನು ಕೊಡುತ್ತದೆ. ಆದರೆ ಬರಲು ಬಯಸಿದವನು ದೇಹವನ್ನು ಕಳೆದುಕೊಳ್ಳದೆ ಬರುವಂತೆ ಮಾಡುವುದು ಅವನ ಶಿಕ್ಷಕರ ಹೊಣೆ. ಬೆಂಗಳೂರಿನ ಬಡಾವಣೆಗಳ ತರಬೇತಿ ಕೇಂದ್ರಗಳು ತಮ್ಮ ಹುಡುಗರ ಎಸೆತಗಳ ಲೆಕ್ಕವನ್ನು ಪರಸ್ಪರ ಹಂಚಿಕೊಳ್ಳಲು ಮುಂದೆ ಬಂದರೆ, ಈ ಕಾರ್ಯಕ್ಕೆ ಯೋಗ್ಯವಾದ ಆರಂಭ ದೊರೆತಂತಾಗುವುದು.