ತಪ್ಪು ಬೆರಳಿಗೆ ಗೊತ್ತು, ನಮಗೆ ಗೊತ್ತಿಲ್ಲ

ದಿನವಿಡೀ ಕೀಬೋರ್ಡ್ ಕುಟ್ಟೋ ಕೆಲಸ ನನ್ನದು. ಇವತ್ತು ಬ್ಯಾಕ್‌ಸ್ಪೇಸ್ ಎಷ್ಟು ಸಲ ಒತ್ತಿದೆ ಅಂತ ಸಂಜೆ ಯಾರಾದ್ರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಹತ್ತಿರವೂ ಇರಲಿಕ್ಕಿಲ್ಲ. ಹಾಗಾದ್ರೆ ಅಷ್ಟೊಂದು ತಪ್ಪು ತಿದ್ದಿದ್ದು ಯಾರು?

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗಾರ್ಡನ್ ಲೋಗನ್ ಮತ್ತು ಮ್ಯಾಥ್ಯೂ ಕ್ರಂಪ್ ಇದಕ್ಕೊಂದು ತುಂಟ ಪ್ರಯೋಗ ಮಾಡಿದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಟೈಪಿಂಗ್‌ನಲ್ಲಿ ಪಳಗಿದವರನ್ನು ಕೂರಿಸಿ ಪದಗಳನ್ನು ಕೊಟ್ಟರು. ಅವರು ಸರಿಯಾಗಿ ಹೊಡೆದರೂ ಕಂಪ್ಯೂಟರ್ ಕೆಲವೊಮ್ಮೆ ಬೇಕಂತಲೇ ತಪ್ಪು ತೋರಿಸುತ್ತಿತ್ತು. ನಿಜವಾಗಿ ತಪ್ಪಿದಾಗ ಕೆಲವೊಮ್ಮೆ ಸದ್ದಿಲ್ಲದೆ ತಿದ್ದಿ ತೋರಿಸುತ್ತಿತ್ತು. ‘ಸರಿಯಾಗಿ ಹೊಡೆದಿರಾ?’ ಅಂತ ಕೇಳಿದರೆ ಅವರು ನಂಬಿದ್ದು ಸ್ಕ್ರೀನನ್ನು. ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡರು, ಮಾಡಿದ ತಪ್ಪಿಗೆ ‘ಸರಿಯಾಗೇ ಹೊಡೆದೆ’ ಅಂದರು.

ಬೆರಳು ಮಾತ್ರ ಮೋಸ ಹೋಗಲಿಲ್ಲ. ತಪ್ಪು ಕೀ ಒತ್ತಿದ ಮೇಲೆ, ಸ್ಕ್ರೀನ್ ಎಲ್ಲಾ ಸರಿ ಅಂತ ತೋರಿಸಿದರೂ, ಅದು ಒಂಚೂರು ನಿಧಾನವಾಗುತ್ತಿತ್ತು. ಕಂಪ್ಯೂಟರ್ ತುರುಕಿದ ತಪ್ಪಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ಅಂದ್ರೆ ತಪ್ಪು ಹಿಡಿಯುವವರು ನಮ್ಮೊಳಗೆ ಇಬ್ಬರಿದ್ದಾರೆ. ಒಬ್ಬ ಸ್ಕ್ರೀನ್ ನೋಡ್ತಾನೆ, ಇನ್ನೊಬ್ಬ ಬೆರಳನ್ನು ಗಮನಿಸ್ತಾನೆ. ಕೇಳಿದಾಗ ಉತ್ತರ ಕೊಡೋನು ಮೊದಲನೆಯವನೇ.

ಪಿಯಾನೊದ ಕಥೆ ಇನ್ನೂ ವಿಚಿತ್ರ. 2009ರಲ್ಲಿ ಜರ್ಮನಿಯ ಸಂಶೋಧಕರು ನುರಿತ ವಾದಕರ ಮಿದುಳಿನ ಅಲೆಗಳನ್ನು ಅಳೆದಾಗ, ತಪ್ಪು ಸ್ವರ ಬೀಳುವ ಸುಮಾರು 70 ಮಿಲಿಸೆಕೆಂಡ್ ಮೊದಲೇ ಬದಲಾವಣೆ ಕಂಡಿತು. ತಪ್ಪು ಕೀಲಿಯ ಮೇಲೆ ಬೆರಳು ಬಿದ್ದದ್ದೂ ಮೆಲ್ಲಗೆ. ತಡೆಯೋಕೆ ಹೊತ್ತು ಸಾಲದೆ ಅಳುಕುತ್ತಲೇ ಒತ್ತಿದ ಹಾಗೆ!

ಇದನ್ನೆಲ್ಲಾ ಓದಿದ ಮೇಲೆ ನಮ್ಮ ಆಫೀಸಿನ ಮೀಟಿಂಗ್‌ಗಳು ನೆನಪಾದವು. ರಿಲೀಸ್ ಕೆಟ್ಟ ದಿನ ಹೊಸಬರನ್ನು ‘ಈ ಕಮಾಂಡ್ ನೀನೇ ಹೊಡೆದದ್ದಾ?’ ಅಂತ ಕೇಳ್ತಾರೆ. ಪಾಪ, ಅವರು ಸ್ಕ್ರೀನ್ ಮೇಲಿನ ಲಾಗ್ ನೋಡಿ ‘ನಾನೇ ಇರಬೇಕು ಸರ್’ ಅಂತಾರೆ. ಅದು ಅಪ್ರೈಸಲ್‌ವರೆಗೂ ಹೋಗುತ್ತೆ. ನಾನು ಆ ‘ಇರಬೇಕು’ ಅನ್ನೋದನ್ನ ಸಾಕ್ಷಿ ಅಂತ ತಗೊಳ್ಳೋದಿಲ್ಲ. ಟರ್ಮಿನಲ್‌ನ ಹಿಸ್ಟರಿ ತೆಗೆಸಿ, ಬೆರಳು ನಿಜವಾಗಿ ಒತ್ತಿದ್ದೇನು ಅಂತ ನೋಡ್ತೀನಿ. ಕಳೆದ ತಿಂಗಳು ಒಬ್ಬ ಹುಡುಗಿ ಹೀಗೇ ಒಪ್ಪಿಕೊಂಡಿದ್ದಳು. ಅವಳು ಹೊಡೆದದ್ದು ಸರಿಯಾಗೇ ಇತ್ತು, ಸರ್ವರ್ ಹೆಸರು ಬದಲಿಸಿದ್ದು ಹಳೇ ಸ್ಕ್ರಿಪ್ಟ್. ಅಷ್ಟರಲ್ಲಿ ಅವಳ ಕ್ಷಮಾಪಣೆಯ ಇಮೇಲ್ ಮ್ಯಾನೇಜರ್‌ಗೆ ಹೋಗಿಯಾಗಿತ್ತು.